ಇಳಕಲ್ಲಿನ ಸಂಘದವರಿಗೆ, ಮುಖ್ಯವಾಗಿ ಅಕ್ಕನಿಗೆ

ಇಂಟರ್ನ್‌ಶಿಪ್ ಮುಗಿಯಿತು, ರಿಪೋರ್ಟು ಕಾಲೇಜಿಗೆ ಹೋಯಿತು, ವೈವಾ ಕೂಡ ಆಯಿತು. ಅವ್ವ ಮನೆಗೆ ಬಂದು ಒಲೆಯ ಮುಂದೆ ಕೂತು ನನ್ನನ್ನು ಬೈಯುವಷ್ಟು ಸುಧಾರಿಸಿದ್ದಾಳೆ. ಆಸ್ಪತ್ರೆಯ ಕಥೆ ನಿಮಗೆಲ್ಲ ಗೊತ್ತಿರುವುದೇ, ಮತ್ತೆ ತೆಗೆಯುವುದಿಲ್ಲ. ಈ ಬೇಸಿಗೆಯಲ್ಲಿ ಯಾರ ಋಣ ನನ್ನ ಮೇಲೆ ಬಿತ್ತು ಅನ್ನುವುದನ್ನಷ್ಟೇ ಬರೆಯುತ್ತೇನೆ.

ಬೆಂಗಳೂರಿನ ಕಂಪನಿ ಹುಡುಕುವ ಬದಲು ಇಳಕಲ್ಲಿನ ನೇಕಾರರ ಸಹಕಾರಿ ಸಂಘಕ್ಕೆ ಹೋಗು ಅಂದ ಮೇಡಂ, ರಕ್ತ ಕೊಡಲು ಬೈಕ್ ಏರಿ ಬಾಗಲಕೋಟೆಗೆ ಓಡಿಬಂದ ಗೆಳೆಯರು, ದಿನಾ ಬುತ್ತಿ ಕಳಿಸಿದ ಪಕ್ಕದ ಮನೆಯ ಕಾಕು, ಎಲ್ಲರಿಗೂ ಶರಣು. ಸಂಘದ ಕಾರ್ಯದರ್ಶಿಗಳಿಗೂ. ಮೊದಲ ದಿನ ಚಹಾಕ್ಕಿಂತ ಮುಂಚೆ ಅವರು ಕೊಟ್ಟದ್ದು ಇತಿಹಾಸ: 1904ರಲ್ಲಿ ಸಹಕಾರಿ ಕಾಯ್ದೆ ಬಂತು, ಮರುವರ್ಷವೇ ನಮ್ಮ ಪಕ್ಕದ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದರು, "ನೀ ಕುಂತಿರೋ ಕುರ್ಚಿಗೆ ಅಷ್ಟು ವಯಸ್ಸೈತಿ" ಅಂತ. ಕುರ್ಚಿ ನೋಡಿದರೆ ನಂಬುವ ಹಾಗೇ ಇತ್ತು.

ನೂಲಿನ ಗೋದಾಮಿನ ಕಾಕಾ ಕಲಿಸಿದ್ದು ಯಾವ ಪುಸ್ತಕದಲ್ಲೂ ನನಗೆ ಸಿಕ್ಕಿರಲಿಲ್ಲ. ಹಸಿ ರೇಷ್ಮೆಯನ್ನು ಕುದಿಸಿ ಅಂಟು ತೆಗೆದರೆ ತೂಕದಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಇಳಿಯುತ್ತದೆ. ಇದು ತಿಳಿಯದವನು ದಾಸ್ತಾನಿನ ಪುಸ್ತಕ ನೋಡಿದರೆ ಬಣ್ಣದವರನ್ನೋ ನೇಕಾರರನ್ನೋ ಕಳ್ಳರೆನ್ನುತ್ತಾನೆ.

ಇನ್ನು ಅಕ್ಕ. "ನನ್ನ ಹೆಸರು ಫೇಸ್‌ಬುಕ್ಕಿನ್ಯಾಗ ಹಾಕಿ ಗೀಕಿಬಿಟ್ಟಿ" ಅಂತ ಮೊದಲೇ ಹೆದರಿಸಿದ್ದಾರೆ, ಹಾಗಾಗಿ ಬರೀ ಅಕ್ಕ. ಸಂಘದ ಸದಸ್ಯೆ, ಮನೆಯಲ್ಲೇ ಕುಣಿ ಮಗ್ಗ, ಅಂದರೆ ನೆಲದಲ್ಲಿ ಕುಣಿ ತೋಡಿ ಹೂಡಿದ ಕೈಮಗ್ಗ. ನನಗೂ ಅವರಿಗೂ ಇದ್ದ ಪರಿಚಯ ಅಂದರೆ ಅವರು ಸೀರೆ ತಂದುಕೊಡುವುದು, ನಾನು ಪಾಸ್‌ಬುಕ್ಕಿನಲ್ಲಿ ಬರೆಯುವುದು. ಅಷ್ಟೇ. ಅವ್ವನನ್ನು ಬಾಗಲಕೋಟೆಗೆ ಒಯ್ಯಬೇಕಾದಾಗ, ಅಪ್ಪ ಮುಂಬೈಯಿಂದ ಇನ್ನೂ ಹೊರಟಿರಲಿಲ್ಲ, ನನ್ನ ಜತೆ ಗಾಡಿ ಹತ್ತಿದವರು ಅಕ್ಕ. ಮಗ್ಗದ ಮೇಲೆ ಅರ್ಧ ಸೀರೆ ಬಿಟ್ಟು.

ಆ ರಾತ್ರಿ ಡಾಕ್ಟರು ಹೊರಗೆ ಬಂದು ಹೇಳಿದ್ದು ಕೇಳಿ ನನ್ನ ಕೈ ನಡುಗುವುದು ನಿಲ್ಲಲಿಲ್ಲ. ಧೈರ್ಯ ತಗೋ, ದೇವರಿದ್ದಾನೆ, ಇಂಥದ್ದೇನೂ ಅಕ್ಕ ಹೇಳಲಿಲ್ಲ. ತಾವು ಉಟ್ಟ ಸೀರೆಯ ಸೆರಗನ್ನು ಮಗುಚಿ ನನ್ನ ತೊಡೆಯ ಮೇಲೆ ಹಾಸಿ, "ಇಲ್ಲಿ ಬೆರಳಾಡಸು" ಅಂದರು. ಮೈ ಮುಗಿದು ಕೆಂಪು ಸೆರಗು ಶುರುವಾಗುವಲ್ಲಿ ಸಣ್ಣಗೆ ಒರಟು ತಾಗಿತು. "ಈ ಕಡೆ ಹತ್ತಿ ಎಳಿ, ಆ ಕಡೆ ರೇಷ್ಮಿ. ಒಂದರಾಗ ಒಂದು ಸಿಗಿಸಿ ಕೊಂಡಿ ಹಾಕೀವಿ. ಒಂದೊಂದು ಎಳಿನೂ." ಅದಕ್ಕೇ ಸೀರೆಗೊಂದು ಹಾಸು (ಮಗ್ಗದ ಮೇಲೆ ಉದ್ದಕ್ಕೆ ಹೂಡುವ ಎಳೆಗಳು), ಒಂದು ಸೀರೆ ಇಳಿಸಿದರೆ ಮತ್ತೆ ಮೊದಲಿಂದ ಕೊಂಡಿ. ಸೆರಗಿನಲ್ಲಿ ನೇಯ್ದ ಟೋಪ ತೆನಿ ಅನ್ನುವ ವಿನ್ಯಾಸದ ಬಿಳಿ ಹಲ್ಲುಗಳನ್ನು ಎಣಿಸು ಅಂದರು. ಎಣಿಸಿದೆ. ತಪ್ಪಿತು, ಮತ್ತೆ ಎಣಿಸು ಅಂದರು. ಬೆಳಗಾಗುವ ತನಕ ನನ್ನ ಕೈಗೆ ಹೀಗೇ ಏನಾದರೊಂದು ಕೆಲಸ ಕೊಡುತ್ತಿದ್ದರು. ಅಪ್ಪ ಬಂದ ಮೇಲೂ ಅವ್ವ ವಾರ್ಡಿಗೆ ಬರುವವರೆಗೆ ಕದಲಲಿಲ್ಲ.

ಸಂಘಕ್ಕೆ ಮರಳಿದ ಮೇಲೆ ಮಜೂರಿ ಪಟ್ಟಿ ಟೈಪ್ ಮಾಡುವ ಸರದಿ ನನ್ನದೇ. ಆ ಬಟವಾಡೆಯಲ್ಲಿ ಅಕ್ಕನ ಹೆಸರಿನ ಮುಂದೆ ಸೊನ್ನೆ. ತ್ರಿಫ್ಟ್ ಫಂಡ್, ಅಂದರೆ ನೇಕಾರರ ಉಳಿತಾಯ ನಿಧಿ, ಅದರ ಕಾಲಮ್ಮಿನಲ್ಲೂ ಸೊನ್ನೆ. ಮಗ್ಗದ ಲೆಕ್ಕದಲ್ಲಿ ರಜೆ ಅನ್ನುವ ಕಾಲಂ ಇಲ್ಲ; ಸೀರೆ ಬಂದರೆ ಮಜೂರಿ, ಬರದಿದ್ದರೆ ಇಲ್ಲ. ಆ ಸೀರೆ ಯಾಕೆ ಬರಲಿಲ್ಲ ಅಂತ ಇಡೀ ಆಫೀಸಿನಲ್ಲಿ ನನ್ನಷ್ಟು ಚೆನ್ನಾಗಿ ಬಲ್ಲವರಿಲ್ಲ, ಸೊನ್ನೆ ಒತ್ತಿದ ಬೆರಳೂ ನನ್ನದೇ. ಎದ್ದು ಹೋಗಿ ನಳದ ಹತ್ತಿರ ಅತ್ತೆ. ಈಗಲೂ ಬರೆಯುವಾಗ ಗಂಟಲು ಕಟ್ಟುತ್ತದೆ.

ದುಡ್ಡು ಹಿಡಿದುಕೊಂಡು ಅಕ್ಕನ ಹತ್ತಿರ ಹೋದದ್ದಕ್ಕೆ ಸಿಕ್ಕಿದ್ದು ಬೈಗುಳ. "ಮಗ್ಗ ಎಲ್ಲಿ ಓಡಿಹೋಕ್ಕೈತಿ? ನಿಮ್ಮವ್ವ ಉಂಡಳೇನು, ಅದನ್ನ ಹೇಳು ಮೊದಲ."

ಆಮೇಲೆ ರಿಪೋರ್ಟಿನ ಕೊನೆಯ ಅಧ್ಯಾಯ ಬದಲಾಯಿಸಿದೆ. ಮಾರುಕಟ್ಟೆ, ಬ್ರ್ಯಾಂಡಿಂಗ್ ಎಲ್ಲ ಹಿಂದಕ್ಕೆ ಹೋಯಿತು. ಆಸ್ಪತ್ರೆ, ಬಾಣಂತನ, ಸಾವು ಅಂತ ಮಗ್ಗ ನಿಂತ ವಾರಗಳಿಗೆ ಸಂಘದಿಂದಲೇ ಒಂದು ಸಣ್ಣ ನಿಧಿ ಇರಲಿ ಅನ್ನುವ ಪ್ರಸ್ತಾವ ಮುಂದೆ ಬಂತು. ವೈವಾದಲ್ಲಿ "ಇದರಲ್ಲಿ ಮ್ಯಾನೇಜ್‌ಮೆಂಟ್ ಎಲ್ಲಿದೆ?" ಅಂತ ಕೇಳಿದರು. ಇದೇ ಸರ್, ಅಂದೆ. ಕಾರ್ಯದರ್ಶಿಗಳು ಆಡಳಿತ ಮಂಡಳಿಯ ಮುಂದಿಡುತ್ತೇನೆ ಅಂದಿದ್ದಾರೆ. ಮಂಡಳಿ ಒಪ್ಪುತ್ತದೋ ಇಲ್ಲವೋ, ಕೇಳುವುದನ್ನಂತೂ ನಾನು ಬಿಡುವವಳಲ್ಲ.

ಆಗಸ್ಟ್ 7 ಕೈಮಗ್ಗ ದಿನ. ಅವತ್ತು ಸಂಘದ ಅಂಗಡಿಯ ಕೌಂಟರಿನಲ್ಲಿ ನಾನಿರುತ್ತೇನೆ, ಅವ್ವನೂ ಬರುತ್ತೇನೆ ಅಂದಿದ್ದಾಳೆ. ಬನ್ನಿ. ಸೆರಗು ಮಗುಚಿ ಕೊಂಡಿ ನೋಡಿ, ಕೈಮಗ್ಗದ ಮುದ್ರೆ ನೋಡಿ, ಆಮೇಲೆ ದರದ ಮಾತು. ಚೌಕಾಸಿ ಮಾಡುವವರ ಎದುರಿಗೆ ಅಕ್ಕನನ್ನೇ ಕೂರಿಸುತ್ತೇನೆ.