ತಿರುವಿನಲ್ಲಿ ಜಲ್ಲಿ, ಜೋಕೆ

ಮಾನ್ಯರೇ,

ಚಿಕ್ಕಬಳ್ಳಾಪುರದಿಂದ ಮುದ್ದೇನಹಳ್ಳಿ ಮಾರ್ಗವಾಗಿ ನಂದಿ ಗ್ರಾಮಕ್ಕೆ ಸೈಕಲ್ ತುಳಿಯುವುದು ನನ್ನ ಭಾನುವಾರದ ರೂಢಿ. ವಿಶ್ವೇಶ್ವರಯ್ಯನವರ ಹುಟ್ಟೂರು ದಾಟಿ, ದ್ರಾಕ್ಷಿ ತೋಟಗಳ ನಡುವೆ ಏರಿಳಿದು, 9ನೇ ಶತಮಾನದಷ್ಟು ಹಳೆಯ ಭೋಗನಂದೀಶ್ವರ ದೇಗುಲದ ಮುಂದೆ ಕಾಲೂರಿದರೆ ದಣಿವೆಲ್ಲ ಮಾಯ. ಆದರೆ ಕಳೆದ ವಾರ ಇಳಿಜಾರಿನ ತಿರುವಿನಲ್ಲಿ, ಟಿಪ್ಪರ್‌ನಿಂದ ಚೆಲ್ಲಿದ್ದ ಜಲ್ಲಿಯ ಮೇಲೆ ಮುಂದಿನ ಚಕ್ರ ಜಾರಿ ಮೊಣಕೈ ತರಚಿತು. ಹಾಲಿನ ಕ್ಯಾನ್ ಕಟ್ಟಿಕೊಂಡು ಬರುತ್ತಿದ್ದ ಬೈಕ್ ಸವಾರರೊಬ್ಬರು ಎತ್ತಿ ನಿಲ್ಲಿಸಿ, ‘ಇಲ್ಲಿ ನಾನೂ ಎರಡು ಸಲ ಬಿದ್ದಿದ್ದೇನೆ’ ಎಂದರು. ಸಮಾಧಾನವೋ ಎಚ್ಚರಿಕೆಯೋ ತಿಳಿಯಲಿಲ್ಲ. ಬಣ್ಣ ಕಾಣದ ರಸ್ತೆಯುಬ್ಬುಗಳದ್ದು ಬೇರೆಯೇ ಕಥೆ. ಜಲ್ಲಿ ಸಾಗಿಸುವ ಟಿಪ್ಪರ್‌ಗಳು ಟಾರ್ಪಾಲು ಹೊದಿಸಿಕೊಂಡೇ ಓಡಾಡುವಂತೆ ನೋಡಿಕೊಂಡು, ತಿರುವುಗಳನ್ನು ವಾರಕ್ಕೊಮ್ಮೆಯಾದರೂ ಗುಡಿಸಬೇಕೆಂದು ಸಂಬಂಧಪಟ್ಟವರಲ್ಲಿ ಕೋರುತ್ತೇನೆ.

– ಸೈಕಲ್ ಸವಾರ, ಚಿಕ್ಕಬಳ್ಳಾಪುರ