ಅವರೆಗೆ ಬಿಸಿಲು ಸಾಲದು, ಇರುಳೂ ಬೇಕು

ನಮಸ್ಕಾರ. ಬ್ರಿಟನ್ನಿನಲ್ಲಿ ತರಕಾರಿ ಬೆಳೆಯುವ ಕನ್ನಡಿಗರ ನಮ್ಮ ಈ ಪತ್ರಿಕೆಯ ಬೇಸಿಗೆ ಸಂಚಿಕೆ ಏನಾಯಿತು ಅಂತ ಕೇಳಿದವರಿಗೆಲ್ಲ ಒಂದೇ ಉತ್ತರ: ನೀರು ಹೊರುತ್ತಿದ್ದೆ. ಜುಲೈ, ಆಗಸ್ಟ್ ಸಂಜೆಗಳಲ್ಲಿ ಕಂಪ್ಯೂಟರ್ ಮುಂದೆ ಕೂರಬೇಕಾದ ಸಂಪಾದಕ ತರಕಾರಿ ಬೆಳೆಯಲು ಬಾಡಿಗೆಗೆ ಹಿಡಿದ ತುಂಡು ನೆಲದಲ್ಲಿ, ಅಂದರೆ ಅಲಾಟ್‌ಮೆಂಟಿನಲ್ಲಿ ಕ್ಯಾನ್ ಹಿಡಿದು ಓಡಾಡುತ್ತಿದ್ದ. ನೀರಿನ ಕೊರತೆಯಿಂದ ನಮ್ಮ ಕಡೆ ಪೈಪಿನಲ್ಲಿ ನೀರು ಹಾಯಿಸುವ ಹಾಗಿರಲಿಲ್ಲ, ಕ್ಯಾನಿನಲ್ಲಾದರೆ ಪರವಾಗಿಲ್ಲ. ಅಕ್ಕಿ ತೊಳೆದ ನೀರು, ಸೊಪ್ಪು ತೊಳೆದ ನೀರು ಎಲ್ಲ ಬಕೆಟ್ಟಿಗೆ ಹೋಗಿ, ಅಡುಗೆಮನೆಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಹಾಗಾಗಿ ಬೇಸಿಗೆ ಸಂಚಿಕೆ ದೀಪಾವಳಿ ಸಂಚಿಕೆಯಾಗಿ ನಿಮ್ಮ ಕೈಗೆ ಬಂದಿದೆ.

1884ರಿಂದ ಲೆಕ್ಕ ಇಟ್ಟಿರುವುದರಲ್ಲಿ ಬ್ರಿಟನ್ನಿಗೆ 2025ರದ್ದೇ ಅತಿ ಬೆಚ್ಚಗಿನ ಬೇಸಿಗೆ, ಸರಾಸರಿ 16.1 ಡಿಗ್ರಿ. ಇದನ್ನು ಊರಿಗೆ ಫೋನ್ ಮಾಡಿ ಹೇಳಿದರೆ ಅಪ್ಪ ನಕ್ಕುಬಿಟ್ಟರು. "ಹದಿನಾರಕ್ಕೆ ನಾವು ಮಂಕಿ ಟೋಪಿ ಹಾಕ್ತೀವಿ ಕಣೋ." ಹಗಲು, ರಾತ್ರಿ, ಸ್ಕಾಟ್ಲೆಂಡಿನ ಗುಡ್ಡ ಎಲ್ಲ ಸೇರಿಸಿದ ಸರಾಸರಿ ಅಪ್ಪಾ ಅಂತ ವಿವರಿಸುವಷ್ಟರಲ್ಲಿ ಅವರು ಮಳೆ ಸುದ್ದಿಗೆ ಹೋಗಿದ್ದರು. 2024ರಲ್ಲಿ ಇದೇ ಬೇಸಿಗೆ ತಿರುಗಾಮುರುಗಾ, 2015ರಿಂದೀಚೆಗೆ ಅಷ್ಟು ತಣ್ಣಗಿನದು ಬಂದಿರಲಿಲ್ಲ. ಹೋದ ವರ್ಷ ಸ್ಲಗ್‌ಗಳು (ಚಿಪ್ಪಿಲ್ಲದ ಬಸವನಹುಳುಗಳು) ಹೀರೆ ಸಸಿಯನ್ನು ಒಂದೇ ರಾತ್ರಿಯಲ್ಲಿ ಮುಗಿಸಿದವು, ಈ ವರ್ಷ ಅದೇ ಜಾಗದಲ್ಲಿ ನೆಲ ಬಿರುಕು ಬಿಟ್ಟಿತ್ತು. ಏನು ಬಿತ್ತಬೇಕು ಹೇಳಿ?

ನಮ್ಮ ಸದಸ್ಯರ ಫೋಟೋಗಳೂ ಹಾಗೇ, ಒಬ್ಬೊಬ್ಬರದು ಒಂದೊಂದು ಕಥೆ. ಕೆಂಟ್ ಕಡೆಯವರ ಕೊತ್ತಂಬರಿ ಬಿಸಿಲಿಗೆ ನಾಲ್ಕೇ ವಾರದಲ್ಲಿ ಹೂವಿಗೆ ಹೋಯಿತು. ಗ್ಲಾಸ್ಗೋದವರು ಮೆಂತ್ಯ ಸೊಪ್ಪನ್ನು ಕೊಯ್ದು ಕೊಯ್ದು ಹಂಚುತ್ತಿದ್ದಾರೆ, ಅವರ ಮೇಲೆ ನನಗೆ ಸ್ವಲ್ಪ ಹೊಟ್ಟೆಕಿಚ್ಚು. ಮ್ಯಾಂಚೆಸ್ಟರ್ ಕಡೆಯವರೊಬ್ಬರಿಗೆ ಹೋದ ವರ್ಷ ಟೊಮ್ಯಾಟೊ ಗಿಡಗಳೆಲ್ಲ ಒಂದೇ ವಾರದಲ್ಲಿ ಕಂದಿ ಕಪ್ಪಾದವು. ಅಂಗಮಾರಿ. ಹಾಸನದ ಆಲೂಗಡ್ಡೆ ಬೆಳೆಗಾರರ ಮುಂದೆ ಈ ಹೆಸರು ಎತ್ತಿ ನೋಡಿ, ಮುಖ ಸಣ್ಣದಾಗುತ್ತದೆ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಗೆ ಬಂದದ್ದೂ ಇದೇ ರೋಗ. ಎಲೆ ಗಂಟೆಗಟ್ಟಲೆ ಒದ್ದೆಯಾಗಿದ್ದರೆ ಹತ್ತುತ್ತದೆ, ಅದಕ್ಕೇ ಅವರು ಈ ಸಲ ಮೇಲೆ ಪ್ಲಾಸ್ಟಿಕ್ ಹೊದಿಸಿ, ಬುಡಕ್ಕೆ ಮಾತ್ರ ನೀರು ಹಾಕಿದರು. ಮಳೆಯೇ ಸರಿಯಾಗಿ ಬರಲಿಲ್ಲ ಅನ್ನಿ, ಆದರೂ ಹಣ್ಣು ಬಂತು.

ಈಗ ನನ್ನ ಅವರೆ ಪುರಾಣ. ಮೂರು ವರ್ಷದಿಂದ ಸಾಂಬಾರಿಗೆ ತಂದ ಒಣ ಅವರೆಕಾಳನ್ನೇ ನೆನೆಸಿ ಮೊಳಕೆ ಬರಿಸಿ ಮೇ ತಿಂಗಳಲ್ಲಿ ನೆಡುತ್ತಿದ್ದೇನೆ. ಬಳ್ಳಿ ಏನೋ ಸೊಗಸಾಗಿ ಹಬ್ಬುತ್ತದೆ, ಪಕ್ಕದ ಪ್ಲಾಟಿನ ಇಂಗ್ಲಿಷ್ ಅಜ್ಜನ ಬೇಲಿಗೂ ಹತ್ತಿಕೊಳ್ಳುತ್ತದೆ, ಆದರೆ ಹೂವಿಲ್ಲ. ಹೋದ ವರ್ಷ ಚಳಿಯನ್ನು ಬೈದೆ. ಈ ವರ್ಷ ಬೇಕಾದಷ್ಟು ಬಿಸಿಲಿದ್ದರೂ ಆಗಸ್ಟ್ ಶುರುವಾದರೂ ಬರೀ ಎಲೆ.

ತಪ್ಪು ಬಿಸಿಲಿನದೂ ಅಲ್ಲ, ಚಳಿಯದೂ ಅಲ್ಲ. ನಾಟಿ ಅವರೆ ಲೆಕ್ಕ ಹಾಕುವುದು ಇರುಳನ್ನು. ಹಗಲು ಮೋಟಾಗಿ ಇರುಳು ಉದ್ದವಾಗುವವರೆಗೆ ಅದು ಹೂ ಬಿಡುವುದಿಲ್ಲ. ಊರಲ್ಲಿ ಮಳೆಗಾಲಕ್ಕೆ ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಬಿತ್ತಿದ್ದು ಮಾಗಿ ಹತ್ತಿರವಾದಾಗ ಹೂ ಕಟ್ಟುವುದು ಇದಕ್ಕೇ. ನಾವೆಲ್ಲ ಚಳಿಗೆ ಅಂದುಕೊಂಡಿದ್ದೆವು, ಅಲ್ವಾ? ಬೆಂಗಳೂರಿನಲ್ಲಿ ಜೂನಿನ ಅತಿ ಉದ್ದದ ಹಗಲೂ 13 ಗಂಟೆ ದಾಟುವುದಿಲ್ಲ. ಲಂಡನ್ನಿನಲ್ಲಿ 16ರೂವರೆ, ಗ್ಲಾಸ್ಗೋದಲ್ಲಿ 17ರೂವರೆ. ಇಲ್ಲಿ ಹಗಲು 12 ಗಂಟೆಗೆ ಇಳಿಯುವುದು ಸೆಪ್ಟೆಂಬರ್ ಕೊನೆಗೆ. ಆಗ ಬಳ್ಳಿಗೆ ಜ್ಞಾನೋದಯವಾಗಿ ಮೊಗ್ಗು ಹಿಡಿಯುತ್ತದೆ, ಹಿಂದೆಯೇ ಹಿಮ ಬಿದ್ದು ಮೊಗ್ಗಿನ ಸಮೇತ ಸುಟ್ಟುಹೋಗುತ್ತದೆ.

ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಹಗಲಿನ ಗೊಡವೆಯಿಲ್ಲದ ತಳಿಗಳನ್ನು ಮಾಡಿದ್ದಾರೆ, ಹೆಬ್ಬಾಳ ಅವರೆ 3 ಮತ್ತು 4. ಊರಲ್ಲಿ ಈಗ ಬೇಸಿಗೆಯಲ್ಲೂ ಅವರೆಕಾಯಿ ಸಿಗುವುದು ಇಂಥ ತಳಿಗಳಿಂದ. ಸೊಗಡು ಕಮ್ಮಿ ಅಂತ ಅಪ್ಪ ಮೂಗು ಮುರಿಯುತ್ತಾರೆ, ಆದರೆ ಇಲ್ಲಿ ಕೂತು ಸೊಗಡಿನ ಜಗಳ ಮಾಡುವ ಸ್ಥಿತಿಯಲ್ಲಿ ನಾನಿಲ್ಲ. ಹಾಗಂತ ಸೂಟ್‌ಕೇಸಿನಲ್ಲಿ ಸುಮ್ನೆ ಬೀಜ ತುಂಬಿಕೊಂಡು ಬರಬೇಡಿ, ಬಿತ್ತನೆ ಬೀಜಕ್ಕೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು.

ಇನ್ನೊಂದು ದಾರಿ ಸೇವಂತಿಗೆ ಬೆಳೆಗಾರರದು. ಬೇಗ ಹೂ ಬರಲಿ ಅಂತ ಅವರು ಗಿಡಕ್ಕೆ ಕಪ್ಪು ಬಟ್ಟೆ ಹೊದಿಸಿ ಸುಳ್ಳು ಇರುಳು ಮಾಡುತ್ತಾರೆ. ನಾನೂ ಆಗಸ್ಟ್ 1ರಿಂದ ಕುಂಡದಲ್ಲಿದ್ದ ಒಂದು ಅವರೆ ಗಿಡವನ್ನು ಸಂಜೆ 6ಕ್ಕೆ ಶೆಡ್ಡಿನ ಕತ್ತಲಿಗೆ ತಳ್ಳಿ, ಬೆಳಿಗ್ಗೆ 8ಕ್ಕೆ ಹೊರಗೆ ತಂದಿಡುತ್ತಿದ್ದೆ. ಮನೆಯಲ್ಲಿ ಎಲ್ಲರೂ ನಕ್ಕರು. ಒಂದೆರಡು ಸಂಜೆ ಮರೆತೂ ಹೋಯಿತು, ರಾತ್ರಿ ಒಂಬತ್ತಕ್ಕೆ ಚಪ್ಪಲಿ ಹಾಕಿಕೊಂಡು ಓಡಿದ್ದಿದೆ. ಸೆಪ್ಟೆಂಬರ್ ಮೊದಲ ವಾರ ಹೂವು ಬಂತು, ಪ್ಲಾಟಿನಲ್ಲಿದ್ದ ಅದರ ಅಣ್ಣತಮ್ಮಂದಿರು ಆಗಲೂ ಬರೀ ಎಲೆ.

ಹೋದ ಭಾನುವಾರ ಕಿತ್ತೆವು. ಹನ್ನೊಂದು ಕಾಯಿ. ಹಿತಕಿದ ಬೇಳೆ ಸಾರಿನ ಕನಸು ಬಿಟ್ಟು ಉಪ್ಪಿಟ್ಟಿಗೆ ಹಾಕಿದೆವು, ಒಬ್ಬೊಬ್ಬರ ತಟ್ಟೆಗೆ ಏಳೆಂಟು ಕಾಳು ಬಂತು. ಮಗಳು ತನ್ನದನ್ನು ಬದಿಗೆ ಎತ್ತಿಟ್ಟಿದ್ದಳು. ಅದನ್ನೂ ನಾನೇ ತಿಂದೆ.