ಸೋರಿಯಾಸಿಸ್: ಉಗುರನ್ನೂ ನೋಡಬೇಕು, ಕೀಲನ್ನೂ ವಿಚಾರಿಸಬೇಕು

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ಸೋರಿಯಾಸಿಸ್ ಕುರಿತು ಪ್ರಕಟವಾದ ಲೇಖನವನ್ನು ಓದಿದೆ. ಈ ಕಾಯಿಲೆ ಮುಟ್ಟಿದರೆ ಅಂಟುವಂಥದ್ದಲ್ಲ ಎಂಬುದನ್ನು ಲೇಖಕರು ಬಿಡಿಸಿ ಹೇಳಿರುವುದು ಸಮಾಧಾನ ತಂದಿತು. ಆದರೆ ಲೇಖನದ ಆರಂಭದಿಂದ ಕೊನೆಯವರೆಗೂ ಇದು ಕೇವಲ ಚರ್ಮದ ತೊಂದರೆ ಎಂಬಂತೆಯೇ ನಿರೂಪಣೆ ಸಾಗಿದೆ. ಜೊತೆಗೆ ಇದರ ಚಿಕಿತ್ಸೆಗೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆಯ ಪ್ರಸ್ತಾಪ ಬಂದಿರುವಲ್ಲಿ ಅದನ್ನು ಎಷ್ಟು ದಿನಕ್ಕೊಮ್ಮೆ ತೆಗೆದುಕೊಳ್ಳಬೇಕು ಎಂಬ ಮಾತೇ ಇಲ್ಲ. 19 ವರ್ಷಗಳಿಂದ ಈ ಕಾಯಿಲೆಯೊಡನೆ ಬದುಕುತ್ತಿರುವವಳಾಗಿ ಈ ಎರಡು ಕೊರತೆಗಳನ್ನು ತಮ್ಮ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ.

ನನಗೆ ಇದು ಶುರುವಾದದ್ದು ಕಿವಿಯ ಹಿಂದೆ ಮತ್ತು ನೆತ್ತಿಯಲ್ಲಿ. ತಲೆಹೊಟ್ಟು ಎಂದುಕೊಂಡು ಸುಮ್ಮನಿದ್ದೆ. ಮೊಣಕೈ ಮೇಲೆ ದಪ್ಪನೆಯ ಕಲೆ ಎದ್ದಾಗ ತೋರಿಸಿದ ಮೊದಲ ವೈದ್ಯರು ಹುಳುಕಡ್ಡಿ ಎಂದು ಹೇಳಿ ಸ್ಟೀರಾಯ್ಡ್ ಬೆರೆತ ಮುಲಾಮು ಕೊಟ್ಟರು. ಹಚ್ಚಿದಾಗ ಕಲೆ ತಗ್ಗುತ್ತಿತ್ತು, ಬಿಟ್ಟರೆ ಮೊದಲಿಗಿಂತ ಅಗಲವಾಗಿ ಮರಳುತ್ತಿತ್ತು. ಹೀಗೇ ಎರಡು ವರ್ಷ ಕಳೆಯಿತು. ಅಷ್ಟರಲ್ಲಿ ನನ್ನ ಎಡಗೈ ಹೆಬ್ಬೆರಳಿನ ಉಗುರಿನ ಮೇಲೆ ಸೂಜಿಮೊನೆಯಿಂದ ಚುಚ್ಚಿದಂತಹ ಸಣ್ಣ ಸಣ್ಣ ಕುಳಿಗಳು ಮೂಡಿದ್ದವು, ಉಗುರಿನ ಅಡಿಯಲ್ಲಿ ಎಣ್ಣೆಯ ಹನಿ ಹರಡಿದಂತೆ ಹಳದಿ ಛಾಯೆಯಿತ್ತು. ಸದಾ ನೀರಿನಲ್ಲಿ ಕೈಯಾಡಿಸುವುದರಿಂದ ಹೀಗಾಗಿದೆ ಎಂದೇ ನಾನು ತಿಳಿದಿದ್ದೆ. ಅಲ್ಲಿಯವರೆಗೆ ನೋಡಿದ ಯಾವ ವೈದ್ಯರೂ ನನ್ನ ಉಗುರನ್ನು ನೋಡಿರಲಿಲ್ಲ. ಆಮೇಲೆ ಭೇಟಿಯಾದ ಚರ್ಮತಜ್ಞೆ ಕಲೆಯನ್ನು ನೋಡುವ ಮೊದಲೇ ನನ್ನ ಎರಡೂ ಕೈಗಳನ್ನು ಕಿಟಕಿಯ ಬೆಳಕಿಗೆ ಹಿಡಿದು, ತಮ್ಮ ಬೆರಳ ತುದಿಯಿಂದ ನನ್ನ ಉಗುರುಗಳನ್ನು ಒಂದೊಂದಾಗಿ ಸವರಿ, "ಇದು ಸೋರಿಯಾಸಿಸ್" ಎಂದರು.

ಚರ್ಮದ ಕೆಳಪದರದಲ್ಲಿ ಹುಟ್ಟಿದ ಜೀವಕೋಶ ಮೇಲಕ್ಕೆ ಬಂದು ಉದುರಿಹೋಗಲು ಸಾಮಾನ್ಯವಾಗಿ ಸುಮಾರು ಒಂದು ತಿಂಗಳು ಬೇಕು. ಸೋರಿಯಾಸಿಸ್‌ನಲ್ಲಿ ಈ ಪಯಣ ಕೆಲವೇ ದಿನಗಳಲ್ಲಿ ಮುಗಿದುಹೋಗುವುದರಿಂದ, ಇನ್ನೂ ಬಲಿಯದ ಕೋಶಗಳು ಒಂದರ ಮೇಲೊಂದು ಪೇರಿಕೊಂಡು ಬೆಳ್ಳಿಬಣ್ಣದ ಹೊಟ್ಟಾಗಿ ಏಳುತ್ತವೆ. ಇದಕ್ಕೆ ಕಾರಣ ಕೊಳಕೂ ಅಲ್ಲ, ರಕ್ತ ಕೆಟ್ಟಿರುವುದೂ ಅಲ್ಲ. ಆನುವಂಶಿಕ ಒಲವುಳ್ಳವರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ, ಟಿಎನ್‌ಎಫ್, ಇಂಟರ್‌ಲ್ಯೂಕಿನ್-17, ಇಂಟರ್‌ಲ್ಯೂಕಿನ್-23 ಎಂಬ ಸಂದೇಶವಾಹಕ ಪ್ರೋಟೀನುಗಳ ಮೂಲಕ ಉರಿಯೂತವನ್ನು ಆರಲು ಬಿಡದೆ ಕಾಯುತ್ತಿರುತ್ತದೆ. ಗಂಟಲಿನ ಸೋಂಕು, ಗಾಯ, ಮಾನಸಿಕ ಒತ್ತಡ, ಧೂಮಪಾನ, ಲಿಥಿಯಂನಂತಹ ಕೆಲವು ಔಷಧಿಗಳು ಇದನ್ನು ಕೆರಳಿಸಬಲ್ಲವು.

ಇದೇ ಪ್ರೋಟೀನುಗಳು ಕೀಲುಗಳಲ್ಲೂ, ಸ್ನಾಯುರಜ್ಜು ಮೂಳೆಗೆ ಕೂಡುವ ಜಾಗದಲ್ಲೂ ಅದೇ ಕೆಲಸ ಮಾಡುತ್ತವೆ ಎಂಬುದೇ ಲೇಖನದಲ್ಲಿ ಬಿಟ್ಟುಹೋದ ವಿಷಯ. ಬೆರಳನ್ನು ನೆಟ್ಟಗೆ ಮಾಡುವ ಸ್ನಾಯುರಜ್ಜು ಬೆರಳ ತುದಿಯ ಗೆಣ್ಣಿನ ಬಳಿ ಮೂಳೆಗೆ ಅಂಟಿಕೊಳ್ಳುತ್ತದೆ. ಅದರ ಎಳೆಗಳು ಉಗುರಿನ ಬುಡದವರೆಗೂ ಹಬ್ಬಿರುತ್ತವೆ. ಹಾಗಾಗಿಯೇ ಉಗುರು ಕೆಟ್ಟವರಲ್ಲಿ ಮುಂದೆ ಕೀಲುಗಳಿಗೂ ಕಾಯಿಲೆ ಇಳಿಯುವ ಸಂಭವ ಹೆಚ್ಚು. ಸೋರಿಯಾಸಿಸ್ ಇರುವವರಲ್ಲಿ ನೂರಕ್ಕೆ 30ರಷ್ಟು ಮಂದಿಗೆ ಸಂಧಿವಾತ ಬರಬಹುದೆಂಬ ಅಂದಾಜಿದೆ, ಅವರಲ್ಲಿ ಹೆಚ್ಚಿನವರಿಗೆ ಚರ್ಮದ ಲಕ್ಷಣ ವರ್ಷಗಳಷ್ಟು ಮೊದಲೇ ಕಾಣಿಸಿಕೊಂಡಿರುತ್ತದೆ. ಅಂದರೆ ಎಚ್ಚರಿಸಲು ಬೇಕಾದಷ್ಟು ಕಾಲಾವಕಾಶ ವೈದ್ಯರಿಗೆ ಇದ್ದೇ ಇರುತ್ತದೆ.

ನನ್ನ ವಿಷಯದಲ್ಲಿ ಆ ಅವಕಾಶ ಕೈತಪ್ಪಿತು. ಕಾಯಿಲೆ ಗೊತ್ತಾದ ಎಂಟನೆಯ ವರ್ಷ ಬಲಗೈಯ ನಡುಬೆರಳು, ಬರೀ ಗೆಣ್ಣಲ್ಲ, ಬುಡದಿಂದ ತುದಿಯವರೆಗೂ ಒಂದೇ ಸಮ ಊದಿಕೊಂಡಿತು. ಬೆಳಗ್ಗೆ ಎದ್ದಾಗ ಮುಷ್ಟಿ ಕಟ್ಟಲಾಗದೆ ಹಲ್ಲುಜ್ಜುವ ಬ್ರಷ್ಷನ್ನು ಅಂಗೈಗೂ ಹೆಬ್ಬೆರಳಿಗೂ ನಡುವೆ ಸಿಕ್ಕಿಸಿಕೊಂಡು ಉಜ್ಜುತ್ತಿದ್ದೆ, ಒಂದು ತಾಸು ಕಳೆದ ಮೇಲೆ ಬೆರಳುಗಳು ಸಡಿಲಾಗುತ್ತಿದ್ದವು. ನಾನು ತೋರಿಸಿಕೊಂಡ ಆಸ್ಪತ್ರೆಯೊಂದರಲ್ಲಿ ರಕ್ತ ಪರೀಕ್ಷೆ ಮಾಡಿ, ರುಮಟಾಯ್ಡ್ ಅಂಶ (ಕೆಲವು ಬಗೆಯ ವಾತದಲ್ಲಿ ರಕ್ತದಲ್ಲಿ ಕಾಣುವ ಪ್ರತಿಕಾಯ) ಇಲ್ಲವಾದ್ದರಿಂದ ನಿಮಗೆ ವಾತವಿಲ್ಲ, ಕೆಲಸದ ಆಯಾಸವಿರಬೇಕು ಎಂದು ನೋವಿನ ಮಾತ್ರೆ ಕೊಟ್ಟು ಕಳುಹಿಸಿದರು. ಮೊಣಕೈಯ ಕಲೆಗಳು ಅವರ ಕಣ್ಣೆದುರೇ ಇದ್ದವು. ಸೋರಿಯಾಸಿಸ್ ಸಂಧಿವಾತದಲ್ಲಿ ಈ ಪರೀಕ್ಷೆ ಸಾಮಾನ್ಯವಾಗಿ ನೆಗೆಟಿವ್ ಆಗಿಯೇ ಬರುತ್ತದೆ ಎಂಬುದು, ಈ ಸಂಧಿವಾತವನ್ನು ಅಂಕಗಳ ಮೂಲಕ ಗುರುತಿಸಲು 2006ರಲ್ಲಿ ಪ್ರಕಟವಾದ ಕ್ಯಾಸ್ಪರ್ ಮಾನದಂಡದಲ್ಲಿ ಆ ನೆಗೆಟಿವ್ ವರದಿಗೇ ಒಂದು ಅಂಕವಿದೆ ಎಂಬುದು ನನಗೆ ತಿಳಿಯುವಷ್ಟರಲ್ಲಿ ಒಂದೂವರೆ ವರ್ಷವಾಗಿತ್ತು. ಕೀಲಿನ ಚಿಕಿತ್ಸೆ ಆರು ತಿಂಗಳು ತಡವಾದರೂ ಮೂಳೆ ಸವೆಯುವ ಅಪಾಯ ಹೆಚ್ಚುತ್ತದೆ ಎಂದು ಅಧ್ಯಯನಗಳು ತೋರಿಸಿವೆ.

ಸೋರಿಯಾಸಿಸ್ ಇದೆ ಎಂದು ಹೇಳಿಬಿಡುವ ರಕ್ತ ಪರೀಕ್ಷೆ ಯಾವುದೂ ಇಲ್ಲ. ಅನುಭವಿ ಕಣ್ಣೇ ಇಲ್ಲಿ ಮುಖ್ಯ ಸಾಧನ, ಅನುಮಾನವಿದ್ದಾಗ ಚರ್ಮದ ಚೂರೊಂದನ್ನು ತೆಗೆದು ಬಯಾಪ್ಸಿಗೆ ಕಳುಹಿಸುತ್ತಾರೆ. ಹುಳುಕಡ್ಡಿಯಲ್ಲಿ ಅಂಚು ಉಬ್ಬಿಕೊಂಡು ನಡುಭಾಗ ತಿಳಿಯಾಗುತ್ತಾ ಹೋಗುತ್ತದೆ, ಅಂಚಿನಿಂದ ಕೆರೆದ ಹೊಟ್ಟನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಶಿಲೀಂಧ್ರದ ಎಳೆಗಳು ಕಾಣುತ್ತವೆ. ಸೋರಿಯಾಸಿಸ್‌ನ ಕಲೆ ಗೆರೆ ಎಳೆದಂತಹ ಅಂಚಿನೊಳಗೆ ಉದ್ದಕ್ಕೂ ದಪ್ಪವಾಗಿದ್ದು, ಹೆಚ್ಚಾಗಿ ದೇಹದ ಎರಡೂ ಬದಿಗೆ ಮೊಣಕೈ, ಮೊಣಕಾಲುಗಳ ಮೇಲೆ ಜೋಡಿಯಾಗಿ ಕಾಣಿಸಿಕೊಳ್ಳುತ್ತದೆ. ಇಲ್ಲಿ ಇನ್ನೊಂದು ಮಾತು. ಸೋರಿಯಾಸಿಸ್ ಎಂದರೆ ಕೆಂಪು ಕಲೆ ಎಂದೇ ಎಲ್ಲೆಡೆ ಬರೆಯುತ್ತಾರೆ, ತಮ್ಮ ಲೇಖನದಲ್ಲೂ ಹಾಗೇ ಇದೆ. ಕಪ್ಪು ಮತ್ತು ಕಂದು ಮೈಬಣ್ಣದವರಲ್ಲಿ ಅದು ನೇರಳೆ, ಬೂದು ಇಲ್ಲವೇ ಗಾಢ ಕಂದಾಗಿ ಕಾಣುತ್ತದೆ. ಕೆಂಪನ್ನೇ ಹುಡುಕುತ್ತಾ ಕೂತರೆ ಎಷ್ಟೋ ಜನರ ಕಾಯಿಲೆ ವರ್ಷಗಟ್ಟಲೆ ಹೆಸರಿಲ್ಲದೆ ಉಳಿಯುತ್ತದೆ.

ಚಿಕಿತ್ಸೆಯ ಬಗ್ಗೆ ಲೇಖನ ಹೇಳಿರುವುದು ಬಹುಮಟ್ಟಿಗೆ ಸರಿಯಿದೆ. ಕಲೆಗಳು ಕಡಿಮೆಯಿದ್ದರೆ ವೈದ್ಯರ ಉಸ್ತುವಾರಿಯಲ್ಲಿ ಸ್ಟೀರಾಯ್ಡ್ ಮುಲಾಮು, ವಿಟಮಿನ್ ಡಿ ಬಗೆಯ ಕ್ಯಾಲ್ಸಿಪೋಟ್ರಿಯಾಲ್ ಮುಲಾಮು, ಕಲ್ಲಿದ್ದಲಿನ ಟಾರ್ ಸಾಕಾಗುತ್ತವೆ. ಮೈತುಂಬ ಹರಡಿದ್ದರೆ 311 ನ್ಯಾನೋಮೀಟರ್ ತರಂಗಾಂತರದ ನೇರಳಾತೀತ ಬೆಳಕು, ಮಾತ್ರೆಗಳು, ಮೇಲೆ ಹೇಳಿದ ಸಂದೇಶವಾಹಕ ಪ್ರೋಟೀನುಗಳನ್ನು ತಡೆಯುವ ಜೈವಿಕ ಔಷಧಿಗಳ ಚುಚ್ಚುಮದ್ದು ಇವೆ. ಜೈವಿಕ ಔಷಧಿ ಆರಂಭಿಸುವ ಮೊದಲು ದೇಹದಲ್ಲಿ ಕ್ಷಯ ಅಡಗಿದೆಯೇ ಎಂದು ಪರೀಕ್ಷಿಸಿಕೊಳ್ಳಲೇಬೇಕು. ಆದರೆ ಮೆಥೊಟ್ರೆಕ್ಸೇಟ್ ವಿಷಯದಲ್ಲಿ ತಮ್ಮಿಂದ ತಿದ್ದುಪಡಿ ಅಗತ್ಯವಾಗಿ ಬೇಕು. ಸೋರಿಯಾಸಿಸ್‌ಗೆ ಆ ಔಷಧಿಯನ್ನು ತೆಗೆದುಕೊಳ್ಳುವುದು ವಾರಕ್ಕೊಮ್ಮೆ ಮಾತ್ರ. ತಪ್ಪು ತಿಳಿದು ದಿನವೂ ನುಂಗಿ, ರಕ್ತಕಣಗಳು ಕುಸಿದು ಪ್ರಾಣ ಕಳೆದುಕೊಂಡವರಿದ್ದಾರೆ. ಯಕೃತ್ತು ಮತ್ತು ರಕ್ತದ ಪರೀಕ್ಷೆಗಳನ್ನು ಕಾಲಕಾಲಕ್ಕೆ ಮಾಡಿಸುತ್ತಿರಬೇಕು, ಗರ್ಭಿಣಿಯರು ಅದನ್ನು ತೆಗೆದುಕೊಳ್ಳಲೇಬಾರದು. ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ಭಾನುವಾರಕ್ಕೆ ಸುತ್ತು ಹಾಕಿಟ್ಟಿದ್ದೇನೆ, ನುಂಗಿದ ಕೂಡಲೇ ಆ ಸುತ್ತಿನೊಳಗೆ ಗೆರೆ ಎಳೆಯುತ್ತೇನೆ. ಹಾಗೆಯೇ ಸ್ಟೀರಾಯ್ಡ್ ಮಾತ್ರೆಯನ್ನೋ ಚುಚ್ಚುಮದ್ದನ್ನೋ ಬೇಗ ಇಳಿಯಲೆಂದು ಕೊಟ್ಟು ಥಟ್ಟನೆ ನಿಲ್ಲಿಸಿದರೆ, ಸಾಧಾರಣ ಕಲೆಗಳಿದ್ದವರಿಗೂ ಮೈಯೆಲ್ಲ ಕೀವುಗುಳ್ಳೆ ಎದ್ದು ಆಸ್ಪತ್ರೆ ಸೇರುವಂತಾಗಬಹುದು.

"ಬೇರುಸಹಿತ ಗುಣ" ಎಂಬ ಜಾಹೀರಾತುಗಳ ಬಗ್ಗೆಯೂ ತಾವು ಯೋಚಿಸಬೇಕೆಂದು ಪ್ರಾರ್ಥಿಸುತ್ತೇನೆ. ಈ ಕಾಯಿಲೆಯನ್ನು ಶಾಶ್ವತವಾಗಿ ತೊಲಗಿಸುವ ಔಷಧಿ ಇಂದಿಗೂ ಇಲ್ಲ. ಚರ್ಮ ಬಹುಪಾಲು ತಿಳಿಯಾಗಿ ವರ್ಷಗಟ್ಟಲೆ ನೆಮ್ಮದಿಯಿಂದ ಇರಬಲ್ಲ ಚಿಕಿತ್ಸೆಯಂತೂ ಇದೆ. ಸೋರಿಯಾಸಿಸ್ ಕುಷ್ಠವಲ್ಲ ಎಂದು ಹೆಬ್ರಾ ಎಂಬ ವೈದ್ಯರು 1841ರಲ್ಲೇ ಸ್ಪಷ್ಟಪಡಿಸಿದರು, ಇದು ಗಂಭೀರವಾದ ದೀರ್ಘಕಾಲೀನ ಕಾಯಿಲೆ ಎಂದು ವಿಶ್ವ ಆರೋಗ್ಯ ಸಭೆ 2014ರಲ್ಲಿ ನಿರ್ಣಯ ಅಂಗೀಕರಿಸಿತು. ಇಷ್ಟಾದರೂ ನಾನು ಕೈ ಚಾಚಿದಾಗ ಎದುರಿನವರ ಕೈ ಅರ್ಧಕ್ಕೇ ನಿಂತದ್ದನ್ನು ಹಲವು ಸಲ ಕಂಡಿದ್ದೇನೆ. ಕಲೆಗಿಂತ ಹೆಚ್ಚಾಗಿ ಆ ಹಿಂಜರಿಕೆಯೇ ಮನಸ್ಸನ್ನು ಕುಗ್ಗಿಸುತ್ತದೆ, ಮತ್ತು ಅಂತಹ ಮನಸ್ಸು ಗುಣವಾಗುವ ಭರವಸೆ ಕೊಡುವ ಯಾವ ಜಾಹೀರಾತನ್ನಾದರೂ ನಂಬಿಬಿಡುತ್ತದೆ.

ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಎಂಬ ತಿದ್ದುಪಡಿಯನ್ನು ಮುಂದಿನ ಸಂಚಿಕೆಯಲ್ಲಿಯೇ ಪ್ರಕಟಿಸಿ, ಸೋರಿಯಾಸಿಸ್ ಸಂಧಿವಾತದ ಬಗ್ಗೆ ಸಂಧಿವಾತ ತಜ್ಞರೊಬ್ಬರಿಂದ ಪ್ರತ್ಯೇಕ ಲೇಖನ ಬರೆಸಬೇಕೆಂದು ವಿನಂತಿಸುತ್ತೇನೆ. ಬೆಳಗಿನ ಬಿಗಿತ, ಹಿಮ್ಮಡಿ ನೋವು, ಇಡೀ ಬೆರಳಿನ ಊತ, ಓಡಾಡಿದರೆ ಕಡಿಮೆಯಾಗುವ ಸೊಂಟನೋವು, ಈ ನಾಲ್ಕು ಲಕ್ಷಣಗಳನ್ನು ಅದರಲ್ಲಿ ದಪ್ಪ ಅಕ್ಷರಗಳಲ್ಲಿ ಮುದ್ರಿಸಿದರೆ, ನನ್ನ ನಡುಬೆರಳಿನಂತೆ ಅರ್ಧಕ್ಕೇ ಮಡಚಿ ನಿಲ್ಲುವ ಮೊದಲೇ ಯಾರದಾದರೂ ಬೆರಳಿಗೆ ಚಿಕಿತ್ಸೆ ಸಿಕ್ಕೀತು.

ಇತಿ,
ತಮ್ಮ ಪತ್ರಿಕೆಯ ಓದುಗಾರ್ತಿ